ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯೋದ್ಯಾಕೆ?

ಹೋದ ಮಳೆಗಾಲದಲ್ಲಿ ನಮ್ಮ ಮನೆ ಕಾರು ಉಡುಪಿಯಲ್ಲಿ ಅತ್ತೆ ಮನೆ ಅಂಗಳದಲ್ಲಿ ಎರಡು ತಿಂಗಳು ನಿಂತಿತ್ತು. ಆಮೇಲೆ ಹೊರಗೆ ತೆಗೆದ್ರೆ ಬ್ರೇಕ್ ಒತ್ತಿದಾಗೆಲ್ಲ ಬಲಕ್ಕೆ ಎಳೀತಿತ್ತು. ನಮ್ಮ ರಸ್ತೆಯಲ್ಲಿ ಬಲ ಅಂದ್ರೆ ಎದುರಿಂದ ಬರೋ ಬಸ್ಸಿನ ಕಡೆ, ಹಾಗಾಗಿ ನಂಗೆ ನಿಜಕ್ಕೂ ಹೆದರಿಕೆ ಆಯ್ತು. ಅತ್ತೆ ದೃಷ್ಟಿ ತಗುಲಿದೆ ಅಂತ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ರು, ಗ್ಯಾರೇಜಿನವ್ರು ಅಲೈನ್‌ಮೆಂಟ್ ಹೋಗಿದೆ ಅಂದ್ರು, ಎರಡು ಸಲ ಅಲೈನ್‌ಮೆಂಟ್ ಮಾಡ್ಸಿದ್ದೂ ಆಯ್ತು, ಗಾಡಿ ಬಲಕ್ಕೆ ಹೋಗೋದು ಮಾತ್ರ ನಿಲ್ಲಲಿಲ್ಲ.

ಅತ್ತೆಯದ್ದು ಪ್ರೀತಿ, ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ನಿಂಬೆಹಣ್ಣು ಕಟ್ಟಿದೀವಿ, ಇನ್ನೇನೂ ಆಗಲ್ಲ ಅಂತ ಮನೆಮಂದಿಯನ್ನ ಕೂರಿಸ್ಕೊಂಡು ಘಾಟಿ ಇಳಿಯೋರನ್ನ ನೋಡಿದ್ರೆ ಹೊಟ್ಟೆಯೊಳಗೆ ಸಂಕಟ ಆಗತ್ತೆ. ಅಲೈನ್‌ಮೆಂಟ್ ಕೆಟ್ಟಿದ್ರೆ ಗಾಡಿ ಬ್ರೇಕ್ ಒತ್ತದೇ ಇದ್ರೂ ಎಳೀಬೇಕಲ್ವಾ? ಬ್ರೇಕ್ ಒತ್ತಿದಾಗ ಮಾತ್ರ ಎಳೆದ್ರೆ ಮೊದ್ಲು ನೋಡ್ಬೇಕಾಗಿದ್ದು ಬ್ರೇಕನ್ನೇ. (ಮುಂದಿನ ಚಕ್ರವನ್ನ ಹಿಡಿದಿಡೋ ಲೋವರ್ ಆರ್ಮಿನ ರಬ್ಬರ್ ಬುಷ್ ಸವೆದಿದ್ರೂ ಹೀಗಾಗತ್ತೆ, ಟಯರ್ ಗಾಳಿ ಎರಡೂ ಕಡೆ ಸಮ ಇದ್ಯಾ ಅಂತ ಬ್ರೇಕ್ ಬಿಚ್ಚೋಕೂ ಮೊದ್ಲು ನೋಡಿ.)

ನಂಗೆ ಇದರಲ್ಲಿ ತುಂಬಾ ಇಷ್ಟ ಆಗೋ ವಿಷಯ ಒಂದಿದೆ. 17ನೇ ಶತಮಾನದ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಕಂಡ್ಕೊಂಡಿದ್ದು ಏನಂದ್ರೆ, ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದ್ರೆ ಅದು ಎಲ್ಲಾ ದಿಕ್ಕಿಗೂ ಸಮನಾಗಿ ಹರಡತ್ತೆ. ಆ ಬರಹ ಅಚ್ಚಾಗಿದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಹಳೇ ಕಾರುಗಳಲ್ಲಿ ಬ್ರೇಕಿಗೆ ಸರಳು, ಕೇಬಲ್ ಇರ್ತಿತ್ತು. ಒಂದು ಕೇಬಲ್ ಸ್ವಲ್ಪ ಸಡಿಲ ಆದ್ರೂ ಗಾಡಿ ಒಂದು ಕಡೆಗೆ ಎಳೆಯೋದು, ಮತ್ತೆ ಮತ್ತೆ ಬಿಗಿ ಮಾಡ್ತಾ ಇರ್ಬೇಕು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್, ಅಂದ್ರೆ ಪೆಡಲಿನ ಒತ್ತಡವನ್ನ ಆಯಿಲ್ ಮೂಲಕ ಚಕ್ರಕ್ಕೆ ಕಳಿಸೋ ಬ್ರೇಕ್ ಬಂತು. ಫೋರ್ಡ್ ಕಂಪನಿ ಮಾತ್ರ 1939ರ ಮಾಡೆಲ್ ತನಕ ಹಳೇ ಪದ್ಧತಿ ಬಿಡಲೇ ಇಲ್ಲ. ಪ್ಯಾಸ್ಕಲ್ ಕಂಡ ನಿಯಮ ಮನೆ ಮುಂದಿನ ಗಾಡಿಗೆ ಇಳಿಯೋಕೆ ಎರಡೂವರೆ ಶತಮಾನದ ಮೇಲೆ ಬೇಕಾಯ್ತು!

ಹಾಗಾದ್ರೆ ಎಡ ಬಲ ಎರಡೂ ಕಡೆ ಒಂದೇ ಒತ್ತಡ ಹೋಗ್ತಿದ್ರೂ ಗಾಡಿ ಎಳೆಯೋದ್ಯಾಕೆ? ದ್ರವದ ಒತ್ತಡ ರಬ್ಬರು ಮತ್ತು ಕಬ್ಬಿಣದ ಚಲನೆಯಾಗಿ ಬದಲಾಗೋ ಜಾಗದಲ್ಲಿ ಪ್ಯಾಸ್ಕಲ್‌ನ ಕೆಲಸ ಮುಗಿಯತ್ತೆ, ತಪ್ಪು ಸಾಮಾನ್ಯವಾಗಿ ಅಲ್ಲೇ ಇರತ್ತೆ.

ಡಿಸ್ಕ್ ಬ್ರೇಕಲ್ಲಿ ಚಕ್ರದ ಜೊತೆ ತಿರುಗೋ ತಟ್ಟೆಯನ್ನ ಎರಡೂ ಕಡೆಯಿಂದ ಪ್ಯಾಡಿನಲ್ಲಿ ಅದುಮಿ ಹಿಡಿಯೋ ಭಾಗ ಕ್ಯಾಲಿಪರ್. ಅದರ ಒಳಗೆ ಆಯಿಲ್ ಒತ್ತಡಕ್ಕೆ ಮುಂದೆ ಸರಿಯೋ ಪಿಸ್ಟನ್ ಸುತ್ತ ಒಂದು ರಬ್ಬರ್ ಸೀಲ್ ಇರತ್ತೆ, ಕತ್ತರಿಸಿ ನೋಡಿದ್ರೆ ಚೌಕ ಆಕಾರ. ಆಯಿಲ್ ಸೋರದ ಹಾಗೆ ತಡೆಯೋದಷ್ಟೇ ಅದರ ಕೆಲಸ ಅಂತ ಎಲ್ರೂ ಅಂದ್ಕೊಂಡಿದ್ದಾರೆ, ಅಲ್ಲ ಸ್ವಾಮೀ. ಡಿಸ್ಕ್ ಬ್ರೇಕಲ್ಲಿ ಪಿಸ್ಟನ್ನನ್ನ ವಾಪಸ್ ಎಳೆಯೋ ಸ್ಪ್ರಿಂಗೇ ಇಲ್ಲ, ಆ ಕೆಲಸವನ್ನೂ ಈ ಸೀಲೇ ಮಾಡತ್ತೆ. ಮಕ್ಕಳ ರಬ್ಬರನ್ನ ಮೇಜಿನ ಮೇಲೆ ಒತ್ತಿ ಹಿಡಿದು ಸ್ವಲ್ಪ ತಳ್ಳಿ ನೋಡಿ, ಬುಡ ಜಾರಲ್ಲ, ಮೈ ಮಾತ್ರ ವಾಲತ್ತೆ, ಬಿಟ್ರೆ ನೆಟ್ಟಗಾಗತ್ತೆ. ಅಥವಾ ಬಿಗಿ ಬಳೆ ತೆಗೆಯುವಾಗ ನೋಡಿ, ಬಳೆ ಜಾರೋಕೆ ಮೊದ್ಲು ಕೈಯ ಚರ್ಮ ಅದರ ಜೊತೆ ಸ್ವಲ್ಪ ದೂರ ಬರತ್ತೆ, ಕೈ ಬಿಟ್ರೆ ಚರ್ಮವೇ ಬಳೆಯನ್ನ ಹಿಂದಕ್ಕೆ ಎಳ್ಕೊಂಡು ಹೋಗತ್ತೆ. ಸೀಲೂ ಹಾಗೇ, ಪಿಸ್ಟನ್ ಮುಂದೆ ಹೋದಾಗ ಅದನ್ನ ಹಿಡ್ಕೊಂಡೇ ವಾಲತ್ತೆ, ಪೆಡಲ್ ಬಿಟ್ಟಾಗ ಮಿಲಿಮೀಟರಿನ ಒಂದು ಚೂರಷ್ಟು ಹಿಂದಕ್ಕೆ ತರತ್ತೆ. ಪ್ಯಾಡ್ ಸವೆದು ದೂರ ಜಾಸ್ತಿ ಆದ್ರೆ ಬಳೆ ಜಾರಿದ ಹಾಗೆ ಪಿಸ್ಟನ್ ಸೀಲೊಳಗೆ ಜಾರಿ ಹೊಸ ಜಾಗ ಹಿಡಿಯತ್ತೆ, ಬ್ರೇಕ್ ತಾನೇ ಅಡ್ಜಸ್ಟ್ ಆಗತ್ತೆ. ಒಂದು ರಬ್ಬರ್ ಬಳೆಯಿಂದ ಇಷ್ಟೆಲ್ಲಾ!

ಪಿಸ್ಟನ್ ತುಕ್ಕು ಹಿಡಿದ್ರೆ, ಸೀಲ್ ಗಟ್ಟಿಯಾದ್ರೆ ಈ ಆಟ ನಿಲ್ಲತ್ತೆ. ಪಿಸ್ಟನ್ ವಾಪಸ್ ಬರದೇ ಪ್ಯಾಡ್ ಉಜ್ಜುತ್ತಾನೇ ಇದ್ರೆ ಪೆಡಲ್ ಬಿಟ್ಟ ಮೇಲೂ ಆ ಕಡೆಗೇ ಎಳೆಯತ್ತೆ, ಆ ಚಕ್ರ ಬಿಸಿಯಾಗತ್ತೆ. ಪಿಸ್ಟನ್ ಮುಂದೇ ಹೋಗದಿದ್ರೆ ಉಲ್ಟಾ, ಗಾಡಿ ಸರಿ ಇರೋ ಬ್ರೇಕಿನ ಕಡೆಗೆ ಎಳೆಯತ್ತೆ, ಅಂದ್ರೆ ಬಲಕ್ಕೆ ಎಳೆದ್ರೆ ಕಾಯಿಲೆ ಎಡಗಡೆ ಇರ್ಬಹುದು. ಪೆಡಲ್ ಬಿಟ್ಟ ಮೇಲೂ ಎಳೆಯತ್ತಾ ಅನ್ನೋದರ ಜೊತೆ ಬಿಸಿಯನ್ನೂ ನೋಡಿದ್ರೆ ಯಾವುದು ಅಂತ ಗೊತ್ತಾಗತ್ತೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ಓಡಿಸಿ ನಿಲ್ಸಿ, ರಿಮ್ ಮುಟ್ಟದೇ ಹತ್ರ ಅಂಗೈ ಹಿಂಭಾಗ ಹಿಡಿದು ಎರಡೂ ಕಡೆ ಹೋಲಿಸಿ.

ನಮ್ಮ ಗಾಡಿಯಲ್ಲಿ ಬಲ ಚಕ್ರ ಬಿಸಿ, ಎಡ ಬೆಚ್ಚಗೆ ಅಷ್ಟೇ. ಎಳೀತಿದ್ದಿದ್ದೂ ಬ್ರೇಕ್ ಒತ್ತಿದಾಗ ಮಾತ್ರ, ಅಂದ್ರೆ ಎಡ ಬ್ರೇಕ್ ಸರಿಯಾಗಿ ಹಿಡೀತಿಲ್ಲ. ಬೇರೆ ಮೆಕ್ಯಾನಿಕ್ ಒಬ್ರು ಎಡ ಚಕ್ರ ಬಿಚ್ಚಿದ್ರು. ಒಳಗಿನ ಪ್ಯಾಡ್ ನಾಣ್ಯದಷ್ಟು ತೆಳು, ಹೊರಗಿಂದು ಹೆಚ್ಚುಕಮ್ಮಿ ಹೊಸದು! ಮನೆ ಕಾರುಗಳಲ್ಲಿ ಪಿಸ್ಟನ್ ಸಾಮಾನ್ಯವಾಗಿ ಒಳಗಡೆ ಮಾತ್ರ ಇರತ್ತೆ, ಅದು ಒಳಗಿನ ಪ್ಯಾಡನ್ನ ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನ ಎಳ್ಕೊಳ್ಳತ್ತೆ. ಪಿನ್ನಿನ ರಬ್ಬರ್ ಬೂಟು ಹರಿದು ನೀರು ಹೋಗಿ, ಮೊದ್ಲೇ ಬಿಗಿಯಾಗಿದ್ದ ಪಿನ್ನು ಕರಾವಳಿಯ ಮಳೆಗೆ ಪೂರ್ತಿ ಜಾಮ್ ಆಗಿತ್ತು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಿರುಗಿಸಿ ತೆಗೆದಾಗ ಅದರ ಮೇಲೆ ಕೆಂಪು ತುಕ್ಕಿನ ಪುಡಿ, ಬೂಟಿನ ಮಡಿಕೆಯಲ್ಲಿ ಕೆಸರು.

ಹೊಸ ಪಿನ್ನು, ಹೊಸ ಬೂಟು, ಬ್ರೇಕಿಗೆ ಅಂತಲೇ ಸಿಗೋ ಸಿಲಿಕೋನ್ ಗ್ರೀಸ್. ಸಾದಾ ಗ್ರೀಸ್ ಬಳಿಯೋಕೆ ಬಿಡಬೇಡಿ, ಬ್ರೇಕಿನಲ್ಲಿರೋ ಇಪಿಡಿಎಂ ಅನ್ನೋ ಜಾತಿಯ ರಬ್ಬರು ಪೆಟ್ರೋಲಿಯಂ ಎಣ್ಣೆ ಕುಡಿದು ಊದ್ಕೊಳ್ಳತ್ತೆ. ಪ್ಯಾಡನ್ನ ಎರಡೂ ಕಡೆ ಒಟ್ಟಿಗೇ ಬದಲಾಯಿಸ್ಬೇಕು. ಬಿಚ್ಚಿದ ಕ್ಯಾಲಿಪರನ್ನ ಹೋಸಿನಲ್ಲೇ ಜೋತು ಬಿಡೋರನ್ನ ನಾನೇ ನೋಡಿದೀನಿ, ತಂತಿಯಲ್ಲಿ ಕಟ್ಟಿ ನೇತು ಹಾಕಿ ಅಂತ ನಿಂತು ಹೇಳಿ. ಯಾಕಂದ್ರೆ ಹೋಸಿನ ಒಳಪದರ ಕಿತ್ತು ಬಂದ್ರೆ ಕಾಲಿನ ಜೋರಿಗೆ ಆಯಿಲ್ ಮುಂದೆ ಹೋಗತ್ತೆ, ವಾಪಸ್ ಬರಲ್ಲ, ಬ್ರೇಕ್ ಹಿಡ್ಕೊಂಡೇ ಇರತ್ತೆ. ಹಾಗೆ ಹಿಡ್ಕೊಂಡ ಚಕ್ರ ಕ್ಯಾಲಿಪರಿನಲ್ಲಿ ಆಯಿಲ್ ಹೊರಗೆ ಬಿಡೋ ನಿಪ್ಪಲ್ ಸಡಿಲಿಸಿದ ಕೂಡ್ಲೇ ಸಲೀಸಾಗಿ ತಿರುಗಿದ್ರೆ ಒತ್ತಡ ಒಳಗೆ ಸಿಕ್ಕಿಹಾಕ್ಕೊಂಡಿತ್ತು ಅಂತ, ಆಗಲೂ ಬಿಗಿಯಾಗೇ ಇದ್ರೆ ಪಿಸ್ಟನ್ನೋ ಪಿನ್ನೋ ಜಾಮ್ ಅಂತ.

ಬ್ರೇಕ್ ಆಯಿಲನ್ನೂ ಬದಲಾಯಿಸಿದ್ವಿ. ಅದು ಗಾಳಿಯ ತೇವ ಎಳ್ಕೊಳ್ಳತ್ತೆ, ಹೊಸ ಡಾಟ್ 3 ದರ್ಜೆಯ ಆಯಿಲ್ ಕಡೇಪಕ್ಷ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ಶೇಕಡಾ 3.7ರಷ್ಟು ನೀರು ಸೇರಿದ್ರೆ ಆ ಮಿತಿ 140ಕ್ಕೆ ಇಳಿಯತ್ತೆ. ಪಿಸ್ಟನ್ನಿಗೆ ತುಕ್ಕು ಹಿಡಿಸೋದೂ ಇದೇ ನೀರು. ಕೆಲಸ ಮುಗಿದ ಮೇಲೆ ಗಾಡಿ ಹೊರಡಿಸೋ ಮೊದ್ಲು ಪೆಡಲ್ ಗಟ್ಟಿಯಾಗೋ ತನಕ ನಾಲ್ಕೈದು ಸಲ ಒತ್ತಿ, ಹೊಸ ಪ್ಯಾಡ್ ಹಾಕೋಕೆ ಹಿಂದಕ್ಕೆ ತಳ್ಳಿದ ಪಿಸ್ಟನ್ ಇನ್ನೂ ಮುಂದೆ ಬಂದಿರಲ್ಲ. ಪೆಡಲ್ ಕೆಳಗಿಳೀತಾನೇ ಇದ್ರೆ ಗಾಡಿ ಓಡಿಸ್ಲೇಬೇಡಿ.

ಅದರ ಮುಂದಿನ ವಾರ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಸಿದೆ. ಎರಡೂ ಮುಂದಿನ ಚಕ್ರದ ಹತ್ರ ಕೈ ಹಿಡಿದೆ, ಅತ್ತೆ ಕೈಯನ್ನೂ ಹಿಡಿಸಿದೆ. ಎರಡೂ ಕಡೆ ಒಂದೇ ಬಿಸಿ.