ಮೆಕ್ಕೆಜೋಳ ಹಾಕದಿದ್ದರೂ ಮೆಕ್ಕೆಜೋಳದ ಸಬ್ಸಿಡಿ: ಅಮೆರಿಕದಲ್ಲಿ ಇದು ನಿಜವಾ?

ಪ್ರಶ್ನೆ: ಅಮೆರಿಕದ ಅಯೋವಾ ಕಡೆಯ ಹಳ್ಳಿಗಾಡು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥ ಭಾಗಗಳು) ಮೆಕ್ಕೆಜೋಳ ಬಿತ್ತದಿದ್ದರೂ ಅದರ ಸಬ್ಸಿಡಿ ಬರುತ್ತಂತೆ. ಹೌದಾ?

ಉತ್ತರ: ಹೌದು, ಬರಬಹುದು. ಕೇಳಿದರೆ ಮೋಸ ಅನಿಸುತ್ತೆ, ಆದರೆ ಕಾನೂನೇ ಹಾಗಿದೆ.

ಅಲ್ಲಿ ಬಹಳಷ್ಟು ಜಮೀನುಗಳಿಗೆ 'ಬೇಸ್ ಎಕರೆ' ಅಂತ ಒಂದು ಲೆಕ್ಕ ಇರುತ್ತದೆ. ಹಿಂದಿನ ವರ್ಷಗಳಲ್ಲಿ ಆ ಹೊಲದಲ್ಲಿ ಯಾವ ಬೆಳೆ ಎಷ್ಟು ಎಕರೆ ಇತ್ತು ಅನ್ನೋದರ ಮೇಲೆ ಬರೆದಿಟ್ಟ ದಾಖಲೆ ಅದು. ಹಣ ಬರೋದು ಆ ದಾಖಲೆಗೆ, ಈ ವರ್ಷದ ಬಿತ್ತನೆಗೆ ಅಲ್ಲ. ದಾಖಲೆಯಲ್ಲಿ ಮೆಕ್ಕೆಜೋಳ ಇದ್ದು ರೈತ ಈ ಸಲ ಸೋಯಾ ಹಾಕಿದರೂ ಮೆಕ್ಕೆಜೋಳದ ದುಡ್ಡೇ ಬರುತ್ತದೆ. ಪೂರ್ತಿ ಹುಲ್ಲುಗಾವಲಾಗಿ ಹೋದ ಜಮೀನುಗಳಿಗೆ ಮಾತ್ರ 2018ರ ಕಾನೂನು ಇದನ್ನು ನಿಲ್ಲಿಸಿತು.

ಹಾಗಂತ ಪ್ರತಿ ವರ್ಷ ಬರೋದಿಲ್ಲ. ಪಿಎಲ್‌ಸಿ (ಪ್ರೈಸ್ ಲಾಸ್ ಕವರೇಜ್) ಅನ್ನೋ ಯೋಜನೆಯಲ್ಲಿ, ಮಾರುಕಟ್ಟೆ ದರ ಕಾನೂನಿನಲ್ಲಿರುವ ದರಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಆ ವ್ಯತ್ಯಾಸ ತುಂಬಿಕೊಡುತ್ತಾರೆ, ಅದೂ 85% ಬೇಸ್ ಎಕರೆಗೆ ಅಷ್ಟೇ. 2019ರ ಮೆಕ್ಕೆಜೋಳ ತಗೊಳ್ಳಿ. ಬುಷೆಲ್‌ಗೆ, ಅಂದರೆ ಸುಮಾರು 25 ಕೆಜಿಗೆ, ಕಾನೂನಿನ ದರ 3.70 ಡಾಲರ್, ಸಿಕ್ಕ ಸರಾಸರಿ ದರ 3.56. ವ್ಯತ್ಯಾಸ 14 ಸೆಂಟ್. ಒಬ್ಬರಿಗೆ 100 ಬೇಸ್ ಎಕರೆ ಇದ್ದು, ದಾಖಲೆಯ ಇಳುವರಿ ಎಕರೆಗೆ 120 ಬುಷೆಲ್ ಅಂದುಕೊಂಡರೆ ಬರೋದು 1,428 ಡಾಲರ್, ಅದೂ ಮುಂದಿನ ವರ್ಷದ ಅಕ್ಟೋಬರ್ ಹೊತ್ತಿಗೆ. ಸಣ್ಣ ಹಿಡುವಳಿಗೆ ಇದು ಬೀಜದ ಖರ್ಚಿಗೂ ಸಾಲದು, ಸಾವಿರಾರು ಎಕರೆ ಇದ್ದವರಿಗೆ ಮಾತ್ರ ದೊಡ್ಡ ಮೊತ್ತ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು, 2025ರಲ್ಲಿ ಅದನ್ನು 1,55,000ಕ್ಕೆ ಏರಿಸಿದರು. ಆದರೆ ಮನೆಯವರೆಲ್ಲ ಪಾಲುದಾರರಾದರೆ ಮಿತಿ ತಲೆಗೊಂದರಂತೆ ಹೆಚ್ಚುತ್ತದೆ, ಅಲ್ವಾ? ನನಗಂತೂ ಇಡೀ ವ್ಯವಸ್ಥೆಯ ದೊಡ್ಡ ಕಿಂಡಿ ಇದೇ ಅನಿಸುತ್ತದೆ.

ದುಡ್ಡು ಯಾರ ಕೈಗೆ? ನಮ್ಮ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ, ಗೇಣಿಗೆ ಮಾಡುವವನಿಗೆ ಏನೂ ಇಲ್ಲ. ಅಲ್ಲಿ ಉಲ್ಟಾ: ನಗದು ಗೇಣಿ ಕೊಟ್ಟು ಉಳುವವನಿಗೇ ಹಣ, ಪಾಲಿಗೆ ಮಾಡಿದರೆ ಇಬ್ಬರಿಗೂ ಹಂಚಿಕೆ. ಕೇಳೋಕೆ ಚೆನ್ನಾಗಿದೆ, ಆದರೆ ಜಮೀನಿನ ಯಜಮಾನ ಸುಮ್ನೆ ಕೂರ್ತಾನಾ? ಗೇಣಿ ಏರಿಸಿ ಒಂದಷ್ಟು ತಾನೇ ಎಳೆದುಕೊಳ್ಳುತ್ತಾನೆ.

ಏನೂ ಬೆಳೆಯದೆ ಹಣ ಪಡೆಯುವ ಯೋಜನೆ ಬೇರೆ ಇದೆ, ಸಿಆರ್‌ಪಿ (ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ), 1985ರಿಂದ. ಮಣ್ಣು ಕೊಚ್ಚಿಹೋಗುವಂಥ ಜಮೀನಿಗೆ ಹುಲ್ಲು, ಮರ ಹಾಕಿ 10-15 ವರ್ಷ ಹಾಗೇ ಬಿಟ್ಟರೆ ಸರ್ಕಾರ ಬಾಡಿಗೆ ಕೊಡುತ್ತದೆ.

ಇನ್ನು 2019ರಲ್ಲಿ ಚೀನಾ ಜೊತೆ ಸುಂಕದ ಜಗಳ ನಡೆದಾಗ ಕೊಟ್ಟ ಪರಿಹಾರಕ್ಕೆ ಕೌಂಟಿಗೊಂದು ದರ ಇತ್ತು, ಎಕರೆಗೆ 15ರಿಂದ 150 ಡಾಲರ್. ಬೇಲಿಯಾಚೆ ಇನ್ನೊಂದು ಕೌಂಟಿ ಇದ್ದರೆ ಅದೇ ಸೋಯಾಗೆ ಬೇರೆ ಮೊತ್ತ.

ತರಕಾರಿಗೆ ಪಿಎಲ್‌ಸಿ ಇಲ್ಲವೇ ಇಲ್ಲ. ಬೇಸ್ ಎಕರೆಯಲ್ಲಿ ಜಾಸ್ತಿ ಟೊಮೆಟೊ ಹಾಕಿದರೆ ಆ ಎಕರೆಗಳ ಹಣವೂ ಕಟ್.