ರಾಗಿ ಕಾಳಿನಷ್ಟು ಅಜ್ಜಿ

ನಮ್ಮ ಮನೆಯ ಟ್ರಂಕಿನಲ್ಲೊಂದು ನೆಗೆಟಿವ್ ಇದೆ. ಚೌಕ, ಬದಿಗೆ 56 ಮಿಲಿಮೀಟರ್, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. 1954ರಲ್ಲಿ ಅಜ್ಜಿಯ ತಮ್ಮನ ಮದುವೆಯಾದ ಮಾರನೆಯ ದಿನ ಅಂಗಳದಲ್ಲಿ ತೆಗೆದ ಗ್ರೂಪ್ ಫೋಟೊ. ಮುಂದೆ ಚಾಪೆಯ ಮೇಲೆ ಮಕ್ಕಳು, ನಡುವೆ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ಬೆಂಚು ಹತ್ತಿ ನಿಂತವರು. ಒಟ್ಟು ಮೂವತ್ತೆಂಟು ತಲೆ.

ಇದರಲ್ಲಿ ಅಜ್ಜಿಯ ಮುಖ ಎಷ್ಟು ದೊಡ್ಡದು? ಸಾಲಿನ ಉದ್ದ, ಅತ್ತಿತ್ತ ಬಿಟ್ಟ ಜಾಗ ಎಲ್ಲ ಸೇರಿ ಏಳು ಮೀಟರ್ ಅಂದುಕೊಳ್ಳಿ. ಆ ಏಳು ಮೀಟರ್ 56 ಮಿ.ಮೀ.ಗೆ ಇಳಿದಿದೆ, ಅಂದರೆ ಎಲ್ಲವೂ 125ರಲ್ಲಿ ಒಂದು ಪಾಲು. ಹದಿನೈದು ಸೆಂಟಿಮೀಟರ್ ಅಗಲದ ಮುಖ ಅಲ್ಲಿ 1.2 ಮಿ.ಮೀ. ಒಂದು ರಾಗಿ ಕಾಳು. ಹಣೆಯ ಕುಂಕುಮ ಒಂದು ಸೆಂಟಿಮೀಟರ್ ಇದ್ದಿದ್ದರೆ ಇಲ್ಲಿ 0.08 ಮಿ.ಮೀ., ತಲೆಗೂದಲಿನ ದಪ್ಪ. ಭೂತಗನ್ನಡಿ ಹಿಡಿದರೆ ಅದೂ ಕಾಣುತ್ತದೆ, ನಗಬೇಕೋ ಬೇಡವೋ ಎಂದು ಅಜ್ಜಿ ತುಟಿ ಬಿಗಿಹಿಡಿದಿದ್ದೂ ಕಾಣುತ್ತದೆ.

ಇದೇ ಗುಂಪನ್ನು ನಾವೆಲ್ಲ ಬಲ್ಲ 35 ಮಿ.ಮೀ. ರೀಲಿನಲ್ಲಿ ತೆಗೆದಿದ್ದರೆ? ಅದರ ಚೌಕಟ್ಟಿನ ಉದ್ದ 36 ಮಿ.ಮೀ.; ಅಜ್ಜಿಯ ಪಾಲಿಗೆ ಬರುತ್ತಿದ್ದುದು 0.77 ಮಿ.ಮೀ. ನಮ್ಮ ನೆಗೆಟಿವಿನಂಥ ದೊಡ್ಡ ಚೌಕಟ್ಟನ್ನು, ಅಂದರೆ ಮೀಡಿಯಂ ಫಾರ್ಮ್ಯಾಟನ್ನು ಹೊಗಳುವವರು ‘ಮೂರೂವರೆ ಪಟ್ಟು ದೊಡ್ಡದು’ ಎನ್ನುತ್ತಾರೆ. ಇಡೀ ಚೌಕಟ್ಟಿನ ವಿಸ್ತೀರ್ಣ ಅಳೆದರೆ ಅದು ನಿಜವೇ. ಆದರೆ ಅಡ್ಡಕ್ಕೆ ಹರಡಿದ ಜನರನ್ನು ಚೌಕದೊಳಗೆ ಕೂರಿಸಿದಾಗ ಮೇಲಿನ ಮಾವಿನ ಮರವೂ ಕೆಳಗಿನ ಸಾರಿಸಿದ ನೆಲವೂ ಪಾಲು ಕೇಳುತ್ತವೆ. ಮುಖಗಳಿಗೆ ವಿಸ್ತೀರ್ಣದಲ್ಲಿ ದಕ್ಕುವ ಲಾಭ ಎರಡೂವರೆ ಪಟ್ಟಿಗೂ ತುಸು ಕಡಿಮೆ. ಅಷ್ಟಕ್ಕೇ ಅಜ್ಜಿ ಅಜ್ಜಿಯಾಗಿ ಉಳಿದಿದ್ದಾಳೆ.

ಈ ಫಿಲ್ಮಿಗೆ ಸ್ಟುಡಿಯೋದವರ ಬಾಯಲ್ಲಿ ‘ನೂರಿಪ್ಪತ್ತು’ ಎಂದೇ ಹೆಸರು. ಅದು ಅಳತೆಯಲ್ಲ, ಕೊಡಕ್ ಕಂಪನಿ 1901ರಲ್ಲಿ ಬ್ರೌನಿ ಕ್ಯಾಮೆರಾಕ್ಕೆಂದು ತಂದ ರೋಲಿನ ಕ್ರಮಸಂಖ್ಯೆ ಅಷ್ಟೆ. ಚೌಕವಾಗಿ ತೆಗೆದರೆ ಹನ್ನೆರಡು ಚಿತ್ರ. ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಅಗ್ಫಾ ಕ್ಲಿಕ್ 3 ನುಂಗುತ್ತಿದ್ದುದೂ ಇದೇ ರೋಲನ್ನು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಿಂದ ತಯಾರಿಕೆ ಶುರುಮಾಡಿದ ಮೇಲೆ ‘ಇಂದು’ ಹೆಸರಿನ ಸ್ವದೇಶಿ ಫಿಲ್ಮೂ ಅಂಗಡಿಗೆ ಬಂತು.

ಇನ್ನು ರಾಗಿ ಕಾಳಿನೊಳಗೆ ಬೆಳಕು ಮುಖ ಬರೆಯುವ ಬಗೆ. ಫಿಲ್ಮಿನ ಮೇಲಿರುವುದು ಜೆಲಟಿನ್ ಪದರ, ಅದರಲ್ಲಿ ಹುದುಗಿದ ಸಿಲ್ವರ್ ಬ್ರೋಮೈಡ್ ಹರಳುಗಳು. ಒಂದೊಂದೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಬೆಳಕು ಬಿದ್ದ ಹರಳಿನಲ್ಲಿ ಎಲೆಕ್ಟ್ರಾನೊಂದು ಸಡಿಲಾಗಿ, ಅಲೆದಾಡಿ, ಹರಳಿನ ಯಾವುದೋ ಒಂದು ಕುಂದಿನಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಗೆ ಬಂದ ಬೆಳ್ಳಿಯ ಅಯಾನು, ಅಂದರೆ ಒಂದು ಎಲೆಕ್ಟ್ರಾನು ಕಳೆದುಕೊಂಡ ಪರಮಾಣು, ಅದನ್ನು ಪಡೆದು ಬೆಳ್ಳಿಯ ಪರಮಾಣುವಾಗುತ್ತದೆ. ಇಂಥ ನಾಲ್ಕು ಪರಮಾಣು ಒಂದೆಡೆ ಸೇರಿದರೆ ಸಾಕು, ಆ ಹರಳು ಬೆಳಕನ್ನು ಕಂಡಿದೆ ಎಂದು ಲೆಕ್ಕ. ಕಣ್ಣಿಗೆ ಮಾತ್ರ ಏನೂ ಕಾಣದು. ಡೆವಲಪರ್ ಎಂಬ ರಾಸಾಯನಿಕ ದ್ರಾವಣದಲ್ಲಿ ಅದ್ದಿದಾಗ ಆ ನಾಲ್ಕರ ಸುತ್ತ ಇಡೀ ಹರಳು ಬೆಳ್ಳಿಯಾಗಿ ಕಪ್ಪಾಗುತ್ತದೆ, ಒಂದು ತೊಟ್ಟು ಹೆಪ್ಪಿಗೆ ಪಾತ್ರೆ ಹಾಲೆಲ್ಲ ಮೊಸರಾದ ಹಾಗೆ. ಬೆಳಕು ಕಾಣದ ಹರಳುಗಳನ್ನು ಹೈಪೊ ಎಂಬ ಲವಣದ ದ್ರಾವಣ ಕರಗಿಸಿ ಒಯ್ಯುತ್ತದೆ. ಹೈಪೊವಿನ ಈ ಗುಣ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಅವರಿಗೆ 1819ರಲ್ಲೇ ಗೊತ್ತಾಗಿತ್ತು. ಅದು ಉಪಯೋಗಕ್ಕೆ ಬರಬೇಕಾದ ಫೋಟೊಗ್ರಫಿ ಇನ್ನೂ ಹುಟ್ಟಿರಲಿಲ್ಲ.

ಆ ‘ಕುಂದು’ ಎಲ್ಲಿಂದ ಬಂತು ಎನ್ನುವುದೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟ. ಜೆಲಟಿನ್ ತಯಾರಾಗುವುದು ದನದ ಮೂಳೆ, ಚರ್ಮದಿಂದ. ಒಂದು ಕಂತಿನ ಜೆಲಟಿನ್ನಿನಿಂದ ಚುರುಕಾದ ಫಿಲ್ಮ್ ಬಂದರೆ ಇನ್ನೊಂದರಿಂದ ಮಂಕಾದದ್ದು ಬರುತ್ತಿತ್ತು. 1925ರ ಹೊತ್ತಿಗೆ ಕೊಡಕ್‌ನ ರಸಾಯನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಕಾರಣ ಹಿಡಿದರು: ಸಾಸಿವೆಗೆ ಘಾಟು ಕೊಡುವ ಗಂಧಕದ ಸಂಯುಕ್ತ. ದನಗಳು ಮೇಯ್ದ ಸಾಸಿವೆ ಜಾತಿಯ ಗಿಡಗಳಿಂದ ಅದರ ಲವಲೇಶ ಜೆಲಟಿನ್ನಿಗೆ ಇಳಿದಿತ್ತು. ಗಂಧಕ ಬೆಳ್ಳಿಯೊಡನೆ ಸೇರಿ ಹರಳಿನ ಮೇಲೆ ಸಣ್ಣ ಚುಕ್ಕೆಗಳಾಗಿ ಕೂತು ಎಲೆಕ್ಟ್ರಾನ್‌ಗಳಿಗೆ ಬಲೆಯಾಗಿತ್ತು. ಒಗ್ಗರಣೆಯ ಡಬ್ಬಿಯಲ್ಲಿರುವ ಘಾಟೇ ಅದು!

ಬೆಳಕು ಕಾಣದೆ ನೆಗೆಟಿವಿನಲ್ಲಿ ಖಾಲಿ ಉಳಿದ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಅಜ್ಜಿಯ ಕುಂಕುಮ ಆ ಚಿತ್ರದ ಪ್ರಿಂಟಿನಲ್ಲಿ ಅಚ್ಚ ಕಪ್ಪು. ಮದುಮಗಳ ಕೆಂಪು ಸೀರೆಯೂ ಅಷ್ಟೆ. ಬೆಳ್ಳಿಯ ಹರಳಿಗೆ ಹುಟ್ಟಿನಿಂದ ಕಾಣುವುದು ನೀಲಿ ಕಡೆಯ ಬೆಳಕು ಮಾತ್ರ. 1873ರಲ್ಲಿ ಬರ್ಲಿನ್ನಿನ ರಸಾಯನ ವಿಜ್ಞಾನಿ ಹರ್ಮನ್ ಫೋಗಲ್ ಬಣ್ಣದ ವಸ್ತು ಬೆರೆಸಿ ಅದಕ್ಕೆ ಹಸಿರನ್ನೂ ತೋರಿಸಿದರು. ಕೆಂಪು ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಆಮೇಲೆ ಬಂತಾದರೂ ಕೆಂಪಿಗೆ ಕುರುಡಾದ ಅಗ್ಗದ ರೋಲುಗಳು ಬಹಳ ಕಾಲ ಉಳಿದವು; ಕೊಡಕ್ ತನ್ನ ವೆರಿಕ್ರೋಮ್ ರೋಲಿಗೆ ಕೆಂಪು ಕಾಣುವ ಶಕ್ತಿ ಕೊಟ್ಟಿದ್ದು 1956ರಲ್ಲಿ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪಿನ ಪಾಲು ಹೆಚ್ಚು. ಹಾಗಾಗಿ ಆ ಅಂಗಳದಲ್ಲಿ ಎಲ್ಲರೂ ಇದ್ದುದಕ್ಕಿಂತ ಒಂದು ಛಾಯೆ ಕಪ್ಪಾಗಿದ್ದಾರೆ.

ನಾನೀಗ ಊರಿಗೆ ಹೋದಾಗ ನೆಂಟರಿಷ್ಟರನ್ನು ತೆಗೆಯುವುದು ಇದೇ ನೂರಿಪ್ಪತ್ತು ರೋಲಿನ ಹಳೇ ಯಾಶಿಕಾ ಮ್ಯಾಟ್ ಕ್ಯಾಮೆರಾದಲ್ಲಿ. ಎರಡು ಲೆನ್ಸು, ಮೇಲಿನದು ನೋಡಲಿಕ್ಕೆ, ಕೆಳಗಿನದು ತೆಗೆಯಲಿಕ್ಕೆ. ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆಬಗ್ಗಿಸಿ ನೋಡಬೇಕು. ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಲೆನ್ಸು ತಾನಾಗೇ ಬರುತ್ತದೆ. ಒಳಗೆ ಒಂದೇ ಕನ್ನಡಿ ಇರುವುದರಿಂದ ಎಡ ಬಲವಾಗಿ ಕಾಣುತ್ತದೆ. “ದೊಡ್ಡಪ್ಪ, ಸ್ವಲ್ಪ ಬಲಕ್ಕೆ ಬನ್ನಿ” ಎಂದು ಅವರನ್ನು ಚೌಕಟ್ಟಿನಿಂದ ಆಚೆಗೇ ಕಳಿಸಿದ್ದೇನೆ.

ಒಬ್ಬರನ್ನೇ ಹತ್ತಿರದಿಂದ ತೆಗೆಯುವಾಗ ಪಾಡು ಬೇರೆ. ದೊಡ್ಡ ಫಿಲ್ಮಿಗೆ 80 ಮಿ.ಮೀ.ನ ಉದ್ದ ಲೆನ್ಸು ಬೇಕು (ಉದ್ದ ಅಂದರೆ ದೂರದ ವಸ್ತುವಿನ ಬಿಂಬ ಲೆನ್ಸಿನಿಂದ ಎಷ್ಟು ಹಿಂದೆ ಮೂಡುತ್ತದೆ ಎನ್ನುವುದು), ಲೆನ್ಸು ಉದ್ದವಾದಷ್ಟೂ ಸ್ಪಷ್ಟವಾಗಿ ನಿಲ್ಲುವ ಆಳ ಕಡಿಮೆ. ಒಂದೂವರೆ ಮೀಟರ್ ದೂರದಲ್ಲಿ ಲೆನ್ಸನ್ನು ಪೂರ್ತಿ ತೆರೆದರೆ ಆ ಆಳ ಸುಮಾರು 12 ಸೆಂ.ಮೀ., ಮೂಗಿನ ತುದಿಯಿಂದ ಕಿವಿಯವರೆಗೆ. ಚಿಕ್ಕಪ್ಪ ಉಸಿರೆಳೆದು ಎದೆಯುಬ್ಬಿಸಿ ಹಿಂದೆ ವಾಲಿದರೆ ಫೋಕಸ್ ಅವರ ಶರ್ಟಿನ ಗುಂಡಿಗೆ ಹೋಗಿರುತ್ತದೆ.

ರಾಗಿ ಕಾಳಿಗೂ ದಕ್ಕದ ಮುಖವೊಂದು ಆ 1954ರ ನೆಗೆಟಿವಿನಲ್ಲಿದೆ. ಚಾಪೆಯ ಎಡತುದಿಯ ಮಗು ಸರಿಯಾಗಿ ಆ ಗಳಿಗೆಯಲ್ಲೇ ಹೊರಳಿತು. ಷಟರ್ ತೆರೆದಿದ್ದು ಸೆಕೆಂಡಿನ 25ರಲ್ಲಿ ಒಂದು ಪಾಲು ಎಂದುಕೊಂಡರೂ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಿರುಗಿದ ತಲೆ ಅಷ್ಟರಲ್ಲಿ 4 ಸೆಂ.ಮೀ. ಸರಿದಿರುತ್ತದೆ, ಮಗುವಿನ ಮುಖದ ಮೂರನೇ ಒಂದು ಪಾಲು. ಕಣ್ಣು, ಮೂಗು, ಬಾಯಿ ಎಲ್ಲ ಕಲಸಿಹೋಗಿವೆ. ಎಷ್ಟು ದೊಡ್ಡದು ಮಾಡಿ ಪ್ರಿಂಟ್ ಹಾಕಿದರೂ ಮಸಿಯೇ ದೊಡ್ಡದಾಗುತ್ತದೆ. ಅದು ತಾನೇ ಎಂದು ಅಮ್ಮ ಹೇಳುತ್ತಾಳೆ. ಕೈಬಳೆ ನೋಡು, ನನ್ನದು ಎಂದು ದೊಡ್ಡಮ್ಮ.