ಏಡಿಯ ಕಾಲನ್ನು ತುದಿಯಿಂದ ಎಣಿಸಿ

ಏಡಿ ಯಾವ ಜಾತಿಯದು ಎಂದು ಕೇಳಿ ನನಗೆ ಟಿಪ್ಪಣಿ ಕಳಿಸುವವರು ಬಹಳ ಜನ. ಹೆಚ್ಚಿನವರು ಕಷ್ಟಪಟ್ಟು ಅಳೆದಿರುತ್ತಾರೆ, ಚೆನ್ನಾಗಿ ಚಿತ್ರ ಬರೆದಿರುತ್ತಾರೆ. ಆದರೂ ಒಂದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಕಾಲಿನ ತುಂಡುಗಳನ್ನು ಮೈಯ ಕಡೆಯಿಂದ ಎಣಿಸುತ್ತಾರೆ.

ಪುಸ್ತಕದಲ್ಲಿ ಹಾಗೇ ಇದೆ, ನಿಜ. ಕಾಕ್ಸಾ, ಬೇಸಿಸ್, ಇಸ್ಕಿಯಂ, ಮೀರಸ್, ಕಾರ್ಪಸ್, ಪ್ರೊಪೋಡಸ್, ಡಾಕ್ಟೈಲಸ್. ಒಟ್ಟು 7. ಆದರೆ ಏಡಿಯನ್ನು ಕೈಯಲ್ಲಿ ಹಿಡಿದು ನೋಡಿ, ಬುಡದಲ್ಲಿ ಏನು ಕಾಣುತ್ತದೆ? ಕಾಕ್ಸಾ ಚಿಪ್ಪಿನ ಕೆಳಗೆ ಮೈಗೆ ಒತ್ತಿಕೊಂಡು ಕೂತಿರುತ್ತದೆ. ಬೇಸಿಸ್ ಮತ್ತು ಇಸ್ಕಿಯಂ ಬೆಸೆದು ಒಂದಾಗಿರುತ್ತವೆ. ಮೇಲಿನಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಉದ್ದನೆಯ ಮೀರಸ್. ಅದನ್ನು ಕಾಕ್ಸಾ ಎಂದುಕೊಂಡಿರೋ, ಅಲ್ಲಿಂದಾಚೆಗಿನ ಹೆಸರುಗಳೆಲ್ಲ ಜಾರಿಬಿಡುತ್ತವೆ.

ಅದಕ್ಕೇ ತುದಿಯಿಂದ ಶುರು ಮಾಡಿ. ತುದಿಯ ಚೂಪು ತುಂಡು ಡಾಕ್ಟೈಲಸ್. ಅದರ ಹಿಂದೆ ಪ್ರೊಪೋಡಸ್, ಆಮೇಲೆ ಕಾರ್ಪಸ್, ನಾಲ್ಕನೆಯದು ಮೀರಸ್. ಜಾತಿ ಗುರುತಿಸಲು ಬೇಕಾದ ಮುಳ್ಳು, ಏಣು, ಕೂದಲು ಜಾಸ್ತಿ ಇರುವುದೂ ಈ ನಾಲ್ಕರ ಮೇಲೆಯೇ.

ನಡೆಯುವ ಕಾಲಿನಲ್ಲಿ ಇಷ್ಟು ಸಾಕು. ಇಕ್ಕಳದಲ್ಲಿ ಮಾತ್ರ ತುದಿಯಿಂದ ಎಣಿಸಿದವರೂ ಎಡವುತ್ತಾರೆ. ಇಕ್ಕಳವೂ ಕಾಲೇ, 5 ಜೋಡಿ ಕಾಲುಗಳಲ್ಲಿ ಮೊದಲನೆಯ ಜೋಡಿ. ಅದರಲ್ಲೂ ಅದೇ ತುಂಡುಗಳು, ಅದೇ ಹೆಸರುಗಳು. ತುದಿಯಲ್ಲಿ ಎರಡು ಬೆರಳು ಕಾಣುತ್ತವೆ ಅಲ್ವಾ, ಅವನ್ನು ಎರಡು ತುಂಡು ಎಂದು ಲೆಕ್ಕ ಹಾಕಬೇಡಿ. ಅಲ್ಲಾಡುವ ಬೆರಳು ಒಂದೇ. ಏಡಿಯಲ್ಲಿ ಮೇಲಿನದು ಅದು, ಡಾಕ್ಟೈಲಸ್. ಕೆಳಗಿನ ಬೆರಳು ಪ್ರೊಪೋಡಸ್‌ನದೇ ಮುಂದುವರಿಕೆ. ಅಂಗೈಯಂತೆ ಉಬ್ಬಿದ ಭಾಗ ಮತ್ತು ಆ ಕೆಳಬೆರಳು ಸೇರಿ ಒಂದು ತುಂಡು. ನಡುವೆ ಕೀಲಿಲ್ಲ.

ಅನುಮಾನವಿದ್ದರೆ ಸತ್ತ ಏಡಿಯ ಇಕ್ಕಳ ತೆಗೆದುಕೊಳ್ಳಿ. ಉಬ್ಬಿದ ಭಾಗದ ಚಿಪ್ಪನ್ನು ಒಂದು ಬದಿಯಲ್ಲಿ ಕತ್ತರಿಸಿ, ಮಾಂಸವನ್ನು ನಿಧಾನವಾಗಿ ಬಿಡಿಸಿ. ಒಳಗೆ ಅಗಲವಾದ, ಬಿಳಿ ಹಾಳೆಯಂಥ ಗಟ್ಟಿ ಪಟ್ಟಿ ಸಿಗುತ್ತದೆ. ಚಿಮಟದಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಮೇಲಿನ ಬೆರಳು ಮುಚ್ಚಿಕೊಳ್ಳುತ್ತದೆ. ಇನ್ನೊಂದು ಸಣ್ಣ ಪಟ್ಟಿ ಇದೆ, ಅದನ್ನು ಎಳೆದರೆ ತೆರೆದುಕೊಳ್ಳುತ್ತದೆ. ಎರಡೂ ಹೋಗಿ ಸೇರುವುದು ಡಾಕ್ಟೈಲಸ್‌ಗೇ. ಕೆಳಬೆರಳನ್ನು ಆಡಿಸುವ ಪಟ್ಟಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇದನ್ನು ಒಂದು ಸಲ ಕೈಯಾರೆ ಮಾಡಿದ ವಿದ್ಯಾರ್ಥಿಗಳು ಆಮೇಲೆ ತಪ್ಪಿದ್ದನ್ನು ನಾನು ಕಂಡಿಲ್ಲ.

ಹೆಸರುಗಳೂ ಸ್ವಲ್ಪ ದಾರಿ ತಪ್ಪಿಸುತ್ತವೆ. ಹೆಚ್ಚಿನವು ಗ್ರೀಕ್ ಮೂಲದವು, ಮನುಷ್ಯನ ಮೈಯಿಂದ ತೆಗೆದುಕೊಂಡವು. ಮೀರಸ್ ಎಂದರೆ ತೊಡೆ, ಕಾರ್ಪಸ್ ಎಂದರೆ ಮಣಿಕಟ್ಟು, ಡಾಕ್ಟೈಲಸ್ ಎಂದರೆ ಬೆರಳು. ತೊಡೆ ಮುಗಿದ ಕೂಡಲೇ ಮಣಿಕಟ್ಟು! ನಿಮ್ಮ ಕೈಯನ್ನೋ ಕಾಲನ್ನೋ ನೋಡಿಕೊಂಡು ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಕೀಟಗಳ ಕಾಲಿನ ತುಂಡುಗಳಿಗೆ ಹೇಳುವ ಫೀಮರ್, ಟಿಬಿಯಾ ಎಂಬ ಹೆಸರುಗಳು ಕೂಡ ಇಲ್ಲಿಗೆ ಬೇಡ.

ಒಂದು ತುಂಡು ಜಾರಿದರೆ ಏನಾಗುತ್ತದೆ ಅಂತೀರಾ? ಸ್ಕಿಲ್ಲಾ ಕುಲದ ಕೆಸರು ಏಡಿಗಳನ್ನು 1998ರಲ್ಲಿ 4 ಜಾತಿಗಳಾಗಿ ಬಿಡಿಸಿ ವಿವರಿಸಿದರು. ಸ್ಕಿಲ್ಲಾ ಸೆರ್ರಾಟಾದಲ್ಲಿ ಇಕ್ಕಳದ ಕಾರ್ಪಸ್ ಹೊರಬದಿಗೆ ಎರಡು ಮುಳ್ಳು ಎದ್ದು ಕಾಣುತ್ತವೆ. ಸ್ಕಿಲ್ಲಾ ಒಲಿವೇಸಿಯಾದ ಬೆಳೆದ ಏಡಿಗಳಲ್ಲಿ ಹಾಗಿರುವುದಿಲ್ಲ. ಹಣೆಯ ಮುಳ್ಳುಗಳನ್ನೂ ನೋಡಬೇಕು, ಕಾರ್ಪಸ್ ಒಂದನ್ನೇ ನಂಬಿ ತೀರ್ಮಾನಿಸಬಾರದು. ಒಬ್ಬ ಹುಡುಗ ತಿಂಗಳುಗಟ್ಟಲೆ ಈ ಏಡಿಗಳನ್ನು ಅಳೆದು ಪಟ್ಟಿ ಕಳಿಸಿದ. ಎಲ್ಲ ಏಡಿಗೂ ಮೀರಸ್‌ನ ಹೊರಬದಿಗೆ ಎರಡು ಮುಳ್ಳು ಎಂದು ಬರೆದಿದ್ದ. ‘ಸರ್, ಇದು ಯಾವ ಜಾತಿಗೂ ಕೂಡಿಬರುತ್ತಿಲ್ಲ, ಹೊಸದಿರಬಹುದಾ?’ ಎಂದು ಕೇಳಿದ. ಒಂದು ಇಕ್ಕಳ ತರಿಸಿ, ‘ತುದಿಯಿಂದ ಎಣಿಸಪ್ಪಾ’ ಎಂದೆ. ಮೇಲಿನ ಬೆರಳು ಒಂದು, ಕೆಳಬೆರಳು ಎರಡು, ಉಬ್ಬು ಮೂರು ಎಂದ. ಅಲ್ಲಿಗೆ ಕಾರ್ಪಸ್ ಹೋಗಿ ಮೀರಸ್ ಆಗಿತ್ತು. ಅಳತೆ ಒಂದೂ ತಪ್ಪಿರಲಿಲ್ಲ, ಪಾಪ. ತಲೆಬರಹಗಳನ್ನು ತಿದ್ದಿದ, ಅಷ್ಟೇ. ನನಗಂತೂ ಅವನ ಆ ಪಟ್ಟಿ ಇವತ್ತಿಗೂ ಇಷ್ಟ.

ಇನ್ನು ಮುರಿದ ಕಾಲುಗಳು. ಹೆದರಿದ ಏಡಿ ಕಾಲನ್ನು ತಾನೇ ಕಳಚಿ ಓಡುತ್ತದೆ. ಕಳಚುವ ಜಾಗ ಗೊತ್ತಾದದ್ದು, ಬೇಸಿಸ್ ಮತ್ತು ಇಸ್ಕಿಯಂ ಬೆಸೆದ ಕಡೆ. ಕಾಕ್ಸಾ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಒಂಟಿ ಕಾಲು ಬಂದರೆ ಬುಡದಿಂದ ಎಣಿಸುವ ಮಾತೇ ಇಲ್ಲ. ಆದರೆ ತುದಿಯೇ ಮುರಿದಿದ್ದರೆ ನನ್ನ ಉಪಾಯವೂ ಕೈಕೊಡುತ್ತದೆ. ಆಗ ಇನ್ನೊಂದು ಬದಿಯ ಅದೇ ಕಾಲಿನ ಜೊತೆ ಹೋಲಿಸಿ. ಹೊಸದಾಗಿ ಬೆಳೆದ ಕಾಲು ಪೊರೆ ಕಳಚಿದ ಮೇಲೂ ಸ್ವಲ್ಪ ಕಾಲ ಚಿಕ್ಕದಾಗಿಯೇ ಇರುತ್ತದೆ. ಅದರ ಅಳತೆಯನ್ನು ಪಟ್ಟಿಗೆ ಸೇರಿಸಬೇಡಿ.

ಕಾಲು ಬಿದ್ದರೆ ಆಗಲೇ ಎಡವೋ ಬಲವೋ, ಎಷ್ಟನೆಯ ಜೋಡಿ ಎಂದು ಚೀಟಿ ಬರೆದು ಬಾಟಲಿಯೊಳಗೆ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ.